ರುದ್ರಮುನಿಯವರ ಇಟಾಲಿಯನ್ ಆಹ್ವಾನ

"ಹದಿನೈದೇ ದಿನ! ಇಟಾಲಿಯನ್ ಅರೆದು ಕುಡಿದುಬಿಡ್ತೀನಿ!" ಎಂದು ರುದ್ರಮುನಿಯವರು ಘೋಷಿಸಿದಾಗ ಹೆಂಡತಿ ಜಗದಾಂಬಾ, "ಮೊದಲು ಕಾಫಿ ಕುಡೀರಿ, ಆರಿಹೋಗ್ತಿದೆ" ಎಂದರು.

ಘೋಷಣೆಗೆ ಕಾರಣವಿತ್ತು. ಜ್ಞಾನಭಾರತಿಯ ವಾಕಿಂಗ್ ದಾರಿಯಲ್ಲಿ, ಯಾವುದೋ ಸಂಶೋಧನೆಗೆ ಬಂದಿದ್ದ ನಾಲ್ವರು ಇಟಲಿಯವರು ದಿನಾ ಎದುರಾಗುತ್ತಿದ್ದರು. ವಾಕಿಂಗ್ ಗೆಳೆಯ ಜಂಬಣ್ಣನಿಗೆ 'ಗುಡ್ ಮಾರ್ನಿಂಗ್' ಬಿಟ್ಟರೆ ಗತಿಯಿಲ್ಲ. ಅವನೆದುರು ಮಿಂಚಲು ಇದಕ್ಕಿಂತ ಶುಭಮುಹೂರ್ತ ಬೇಕೆ!

ಮೊಬೈಲ್ ಗುರುವಿನ ಕೃಪೆಯಿಂದ ನಾಗರಭಾವಿಯ ಆ ಮನೆ ರೋಮನ್ ಸಾಮ್ರಾಜ್ಯವಾಯಿತು. ಹಾಲಿನವನಿಗೆ ನಮಸ್ಕಾರದ ಬದಲು "ಚಾವ್!" ಸೊಪ್ಪು ಮಾರುವ ಅಂಜಮ್ಮನಿಗೆ "ಕೋಮೆ ಸ್ತಾಯ್?" ಅಂಜಮ್ಮ ಜಗದಾಂಬಾರನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಸಾರ್‌ಗೆ ಯಾವಾಗಿಂದ ಹಿಂಗೆ?" ಎಂದು ಮರುಗಿದಳು.

ಆದರೆ ಬರೀ 'ಹೇಗಿದ್ದೀರಿ' ಎಂದು ನಮ್ಮವರು ಬಿಡುವುದುಂಟೆ? 'ಒಂದ್ಸಲ ಮನೆ ಕಡೆ ಬನ್ನಿ' ಅನ್ನದೆ ಮಾತು ಮುಗಿಯದು. ಬರುವುದಿಲ್ಲವೆಂದು ಕರೆದವರಿಗೂ ಗೊತ್ತು, ಕರೆಸಿಕೊಂಡವರಿಗೂ ಗೊತ್ತು! ರುದ್ರಮುನಿ ಅದನ್ನೂ ಇಟಾಲಿಯನ್ನಿನಲ್ಲಿ ಉರುಹೊಡೆದರು. ಟೋಪಿ, ಕಪ್ಪು ಕನ್ನಡಕ, ಟ್ರ್ಯಾಕ್ ಸೂಟಿನಲ್ಲಿ ಎದೆಯುಬ್ಬಿಸಿ, ವಾಕಿಂಗಿನಲ್ಲಿ ಎದುರಾದ ಇಟಲಿಯವರಿಗೆ "ಚಾವ್! ವೆನಿತೆ ಅ ಕಾಸಾ!" ಎಂದು ಬಿಟ್ಟೇಬಿಟ್ಟರು.

ನಾಲ್ಕೂ ಮುಖ ಅರಳಿದವು. "ದೊಮೇನಿಕಾ?"

ಹಾಗೆಂದರೆ ಭಾನುವಾರವೆಂಬ ಪಾಠ ಇನ್ನೂ ಬಂದಿರಲಿಲ್ಲ. "ಸೀ, ಸೀ!" ಎಂದು ಹೂಂಗುಟ್ಟಿದರು. ಅವರು ಲೊಕೇಶನ್ ಕೇಳಿದರು, ಇವರು ಮರ್ಯಾದೆಗೆ ಕಳಿಸಿದರು.

"ಏನ್ ಫ್ಲೋ ಗುರು ನಿಂದು!" ಎಂದು ಜಂಬಣ್ಣ ಬೆರಗಾದ. ಸಾರ್ಥಕ!

ಭಾನುವಾರ ಬೆಳಗ್ಗೆ ಮೊಬೈಲಿನಲ್ಲಿ ಮೆಸೇಜ್ ಕಿಣಿಗುಟ್ಟಿತು. ನಾಲ್ವರೂ ಹೊರಟಿದ್ದರು. ಹಸಿದುಕೊಂಡು!

"ಲೇ ಜಗದಾ, ನಾಲ್ಕು ಜನಕ್ಕೆ ತಿಂಡಿ..."

"ಕರೆದವರೇ ಅಡುಗೆ ಮಾಡ್ಬೇಕು ಅಂತ ಯುಗಾದೀಲೇ ಹೇಳಿದೀನಿ. ನಿಮ್ಮ ಆಫೀಸ್ ಪಟಾಲಂಗೆ ಒಬ್ಬಟ್ಟು ತಟ್ಟಿ ತಟ್ಟಿ ನನ್ನ ರಟ್ಟೆ ಬಿದ್ದೋಯ್ತು."

"ನಾನೆಲ್ಲಿ ಕರೆದೆ ಕಣೇ? ಮರ್ಯಾದೆಗೆ ಅಂದೆ!"

"ಹಾಗಾದ್ರೆ ಮರ್ಯಾದೇನೇ ಬಡಿಸಿ."

ಬರಬೇಡಿ ಎನ್ನೋಣವೆಂದರೆ, ಕಲಿತದ್ದೆಲ್ಲ ಸ್ವಾಗತವೇ! ತಡೆಯುವ ಪದ ಒಂದೂ ಬಾರದು; ಇಂಗ್ಲಿಷಿಗಿಳಿದರೆ ಗತ್ತೇ ಹೋಯಿತು. ಮೊಬೈಲಿನಲ್ಲಿ ಹುಡುಕುವಷ್ಟರಲ್ಲಿ, ಉಪ್ಪಿಟ್ಟಿಗೆಂದು ತಾವೇ ಒಲೆಗಿಟ್ಟಿದ್ದ ರವೆ ಸೀದು ಇದ್ದಿಲಾಯಿತು. ಅದಕ್ಕೇ ನೀರು ಸುರಿದರು. ಹಬೆಯೋ ಹೊಗೆಯೋ, ಅಡುಗೆಮನೆ ಜ್ವಾಲಾಮುಖಿ!

ಬೆಲ್ ಆಯಿತು. ರೇಷ್ಮೆ ಸೀರೆಯುಟ್ಟ ಜಗದಾಂಬಾ ಅತಿಥಿಗಳನ್ನು ಸೋಫಾದಲ್ಲಿ ಕೂರಿಸಿ, ತಾವೂ ಕೂತರು. ಅವರಲ್ಲೊಬ್ಬಾಕೆ ಇಂಗ್ಲಿಷಿನಲ್ಲಿ ಕೇಳಿದಳು: ಅಷ್ಟು ಚೆಂದ ಇಟಾಲಿಯನ್ ಮಾತಾಡುವ ನಮ್ಮ ಗೆಳೆಯರೆಲ್ಲಿ?

ಸರಿಯಾಗಿ ಆಗಲೇ ರುದ್ರಮುನಿ ತಟ್ಟೆ ಹಿಡಿದು ಹೊರಬಂದರು. ಎತ್ತಿ ಕಟ್ಟಿದ ಪಂಚೆ, ತಲೆಗೆ ಟವೆಲ್, ಮೂಗಿನ ಮೇಲೆ ಮಸಿ. ಯಾರೂ ಗುರುತು ಹಿಡಿಯಲಿಲ್ಲ. ರುದ್ರಮುನಿ ತಟ್ಟೆಯಲ್ಲಿದ್ದ ಕರಿ ಉಪ್ಪಿಟ್ಟನ್ನು ನೋಡಿದರು, ಅತಿಥಿಗಳನ್ನು ನೋಡಿದರು. ಆ ಇಟಾಲಿಯನ್ ಪಂಡಿತ ನಾನೇ ಎಂದರೆ ಈ ಉಪ್ಪಿಟ್ಟೂ ನನ್ನದೇ ಆಗುತ್ತದೆ!

"ಸಾರ್ ಔಟ್‌ಸೈಡ್," ಎಂದು ಗೊಣಗಿದರು. "ಐ ಕುಕ್."

ಒಂದು ಚಮಚ ಬಾಯಿಗಿಟ್ಟ ಆಕೆ, ಅಯ್ಯೋ ಪಾಪ ಎಂಬಂತೆ ಜಗದಾಂಬಾರತ್ತ ತಿರುಗಿದಳು.

ಜಗದಾಂಬಾ ಸೆರಗು ಸರಿಮಾಡಿಕೊಂಡರು. "ನ್ಯೂ ಮ್ಯಾನ್. ಓನ್ಲಿ ಟ್ರಯಲ್. ಈವ್ನಿಂಗ್ ಐ ವಿಲ್ ಡಿಸೈಡ್."