ಅಕ್ಕಿ ಕೇಳಿದರೆ ಹಕ್ಕಿ ಬರುವುದಿಲ್ಲ

ಅಪಾಯದ ವಸ್ತುಗಳಿಗೆಲ್ಲ ನಮ್ಮ ಮನೆಯಲ್ಲಿ ಒಂದೊಂದು ಜಾಗವಿದೆ. ಈಳಿಗೆಮಣೆ ಮೂಲೆಯಲ್ಲಿ ಗೋಡೆಗೆ ಒರಗಿ, ಬೆಂಕಿಪೊಟ್ಟಣ ಕೈಗೆಟುಕದ ಶೆಲ್ಫಿನಲ್ಲಿ, ಇಲಿ ಪಾಷಾಣ ಅಟ್ಟದ ಮೇಲೆ. ಫೋನನ್ನು ಎಲ್ಲಿಡಬೇಕೆಂದು ಮಾತ್ರ ನನಗೆ ಬಹಳ ದಿನ ಹೊಳೆಯಲಿಲ್ಲ. ಒಂದು ಕಡೆಯಿಂದ ನೋಡಿದರೆ ಅದು ಪುಸ್ತಕ, ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳಬೇಕು. ಇನ್ನೊಂದು ಕಡೆಯಿಂದ ಬಾಗಿಲಿಲ್ಲದ ಮನೆ, ಯಾರು ಬೇಕಾದರೂ ನುಗ್ಗಬಹುದು. ಕೊನೆಗೆ ದೇವರ ಗೂಡಿನ ಪಕ್ಕ ಇಟ್ಟೆ. ಭಕ್ತಿಯಿಂದ ಇಟ್ಟೆ ಎಂದರೆ ಸುಳ್ಳಾದೀತು, ಪ್ಲಗ್ಗು ಇದ್ದದ್ದೇ ಅಲ್ಲಿ. ಆದರೂ ಒಳ್ಳೆಯದೇ ಆಯಿತು. ಅಡುಗೆಮನೆಯಿಂದ ನನಗೆ ಕಾಣುತ್ತದೆ, ನಾನು ಒಗ್ಗರಣೆಗೆ ತಿರುಗಿದಾಗ ಗಣಪ ನೋಡಿಕೊಳ್ಳುತ್ತಾನೆ. ಫೋನಿನಲ್ಲಿ ಏನು ನೋಡುವುದಿದ್ದರೂ ಅಲ್ಲೇ ಕೂತು ನೋಡಬೇಕು ಎಂದು ಮೂರನೇ ಕ್ಲಾಸಿನ ನನ್ನ ಮಗಳಿಗೆ ಕಟ್ಟಪ್ಪಣೆ ಮಾಡಿದೆ.

ಅವಳ ಹೆಸರು ಹರ್ಷಿತ. ಪುಸ್ತಕದ ಮೇಲೆ ಮಾತ್ರ ಹಾಗೆ, ಮನೆಯಲ್ಲಿ ಅರ್ಸಿತ. ನಮ್ಮ ಬಂಗಾರಪೇಟೆ ಸೀಮೆಯಲ್ಲಿ ಹಕಾರಕ್ಕೆ ಅಷ್ಟು ಮರ್ಯಾದೆ ಇಲ್ಲ. ಇದರಿಂದ ಇಷ್ಟು ವರ್ಷ ಯಾರಿಗೂ ನಷ್ಟವಾಗಿರಲಿಲ್ಲ, ಫೋನಿನೊಡನೆ ಮಾತಾಡುವ ಕಾಲ ಬರುವವರೆಗೆ.

ಚಿನ್ನದ ಗಣಿ ಕಡೆಯ ಮೈಸೂರು ಮೈನ್ಸಿನಿಂದ ಬಸ್ಸಿನಲ್ಲಿ ಬರುವ ಅವರ ಕ್ಲಾಸಿನ ಮಿಸ್ಸು ತಾಯಂದಿರನ್ನೆಲ್ಲ ಒಂದು ಶನಿವಾರ ಕರೆಸಿದ್ದರು. ಮಕ್ಕಳು ನಮ್ಮ ಸುತ್ತಮುತ್ತಲ ಐದು ಹಕ್ಕಿಗಳ ವಿಷಯವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಬರೆಯಬೇಕು, ನೀವು ಜೊತೆಗಿರಿ ಎಂದರು. ಗುರುತಿಲ್ಲದವರಿಗೆ ಮಗುವಿನ ಹೆಸರು, ಸ್ಕೂಲು, ಮನೆ ವಿಳಾಸ, ಫೋಟೋ ಯಾವುದನ್ನೂ ಕೊಡಬಾರದು ಎಂದೂ ಹೇಳಿದರು. ಪೂಜೆಯ ಮಂತ್ರಕ್ಕೆ ತಲೆಯಾಡಿಸುವಷ್ಟೇ ಶ್ರದ್ಧೆಯಿಂದ ತಲೆಯಾಡಿಸಿ ಬಂದೆ. ಮನೆಗೆ ಬಂದು ಮಗಳಿಗೆ ಅದನ್ನೇ ಬಾಯಿಪಾಠ ಮಾಡಿಸಿ, ಕೊನೆಗೆ ನನ್ನದೂ ಒಂದು ಸೇರಿಸಿದೆ: ಏನಾದರೂ ಎಡವಟ್ಟಾದರೆ ಫೋನ್ ಕಿತ್ತುಕೊಂಡು ಬಿಡುತ್ತೇನೆ. ಮಿಸ್ಸು ಇದನ್ನು ಹೇಳಿರಲಿಲ್ಲ.

ಮಗಳಿಗೆ ಇನ್ನೂ ಬೇಗ ಬೇಗ ಒತ್ತಿ ಬರೆಯಲು ಬರುವುದಿಲ್ಲವಾದ್ದರಿಂದ ಮೈಕಿನ ಗುರುತು ಒತ್ತಿ ಕೇಳಿದಳು, ಬೇತಮಂಗಲದ ಕೆರೆ ಅಕ್ಕಿ ತೋರಿಸು ಎಂದು. ಫೋನು ಸೋನಾಮಸೂರಿ ತೋರಿಸಿತು. ಮತ್ತೆ ಕೇಳಿದಳು, ಅಕ್ಕಿ ರೊಟ್ಟಿ ಮಾಡುವ ವಿಧಾನ ಬಂತು. ಬಣ್ಣದ ಅಕ್ಕಿ ಎಂದಳು, ಕೆಂಪಕ್ಕಿಯಿಂದ ಸಕ್ಕರೆ ಕಾಯಿಲೆ ವಾಸಿ ಎಂದು ಒಬ್ಬರು ಭಾಷಣ ಶುರುಮಾಡಿದರು. ಕೊಡು ಇಲ್ಲಿ, ಕೇಳುವ ಹಾಗೆ ಕೇಳಬೇಕು ಎಂದು ನಾನು ಫೋನು ತೆಗೆದುಕೊಂಡು, ನನ್ನ ಹತ್ತನೇ ಕ್ಲಾಸಿನ ಕನ್ನಡವನ್ನೆಲ್ಲ ನೆನೆದುಕೊಂಡು ಕೇಳಿದೆ. ನನಗೆ ರೇಷನ್ ಅಕ್ಕಿಯ ಸುದ್ದಿ ಬಂತು.

ನಮ್ಮತ್ತೆ ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದರು. ಅವರ ತವರು ಆಂಧ್ರದ ಗಡಿಯಾಚೆ.

"ಅದೇನ್ ತಪ್ಪು ತೋರುಸ್ತೈತೆ? ಅಕ್ಕಿ ಅಂದ್ರೆ ಅಕ್ಕೀನೇ ಬತ್ತದೆ. ಪಿಟ್ಟ ಅಂತ ಕೇಳ್ರೇ, ತೆಲುಗ್ನಾಗಾದ್ರೂ ಆರ್ತದೆ" ಎಂದರು.

ಪಿಟ್ಟ ಎಂದರೆ ತೆಲುಗಿನಲ್ಲಿ ಹಕ್ಕಿ. ಮಿಸ್ಸು ಕನ್ನಡದಲ್ಲಿ ಬರೆಯಲು ಹೇಳಿದ್ದಾರಲ್ಲ ಎಂದು ನಾನು ಒಪ್ಪಲಿಲ್ಲ. ಬಾಯಿಯ ಮುಂದೆ ಅಂಗೈ ಹಿಡಿದು, ಉಸಿರು ಅಂಗೈಗೆ ತಾಕಿದರೆ ಹಕಾರ ಬಂತೆಂದು ಲೆಕ್ಕ ಎಂದು ನನಗೆ ಚಿಕ್ಕಂದಿನಲ್ಲಿ ಮೇಷ್ಟ್ರು ಕಲಿಸಿದ್ದರು. ಅಮ್ಮ ಮಗಳು ಇಬ್ಬರೂ ಗಣಪನ ಮುಂದೆ ಅಂಗೈ ಹಿಡಿದು ಕೂತು ಉಸಿರು ಬಿಟ್ಟೆವು. ಅಂತೂ ಒಮ್ಮೆ ಪರದೆಯ ತುಂಬ ಕೊಕ್ಕರೆಗಳು ಬಂದಿಳಿದವು. ಮಗಳ ಮುಖ ನೋಡಬೇಕಿತ್ತು. ಆ ವಾರ ಕೊಕ್ಕರೆ, ಮಿಂಚುಳ್ಳಿ, ನೀರುಕಾಗೆ, ಗುಬ್ಬಚ್ಚಿ ಎಂದು ನಾಲ್ಕು ಹಕ್ಕಿಗಳನ್ನು ಚಿತ್ರ ಸಮೇತ ಬರೆದು ಮುಗಿಸಿದಳು.

ಐದನೆಯದಕ್ಕೆ ಬಂದು ನಿಂತುಬಿಟ್ಟಳು. ಎರಡು ದಿನ ಫೋನಿನ ಕಡೆ ತಿರುಗಿಯೂ ನೋಡಲಿಲ್ಲ. ಅದರ ಬದಲು ಸಂಜೆ ಗಣಪನ ಮುಂದೆ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯತೊಡಗಿದಳು. ಇಪ್ಪತ್ತೊಂದು, ಎಣಿಸಿ. ಮಗುವಿಗೆ ಈ ವಯಸ್ಸಿಗೇ ಭಕ್ತಿ ಬಂತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ಮೂರನೆಯ ದಿನ ಅತ್ತೆ, ಯಾಕೆ ಕಣೇ, ಅಂಥಾ ತಪ್ಪೇನು ಮಾಡಿದ್ದೀಯ ಎಂದು ಸುಮ್ಮನೆ ಕೇಳಿದ್ದಕ್ಕೆ ಅವಳು ಹದಿಮೂರಕ್ಕೇ ನಿಲ್ಲಿಸಿ ಬಿಕ್ಕಿ ಬಿಕ್ಕಿ ಅತ್ತಳು.

"ನಾನೇ ಫೋನಿಗೆ ಎಸ್ರು ಏಳ್ಬಿಟ್ಟೆ ಅಮ್ಮ. ಅದು ಎಲ್ರಿಗೂ ಏಳ್ಬಿಟ್ಟೈತೆ."

ನಿಧಾನವಾಗಿ ಕೇಳಿದಾಗ ಎಲ್ಲ ಹೊರಬಂತು. ನಾಲ್ಕನೆಯ ಹಕ್ಕಿ ಬರೆದು ಮುಗಿಸಿದ ಖುಷಿಯಲ್ಲಿ, ತನ್ನ ಹೆಸರಿನ ಹಕಾರವೂ ಬರುತ್ತದೆಯೇ ನೋಡೋಣವೆಂದು ನನ್ನ ಹೆಸರು ಹರ್ಷಿತ ಎಂದು ಮೈಕಿಗೆ ಹೇಳಿದ್ದಳಂತೆ. ಮಾರನೆಯ ದಿನ ನಾನು ಒಣಗಿದ ಬಟ್ಟೆ ತರಲು ಮಹಡಿಗೆ ಹೋದಾಗ ಯಾರೋ ಫೋನ್ ಮಾಡಿ, ಹರ್ಷಿತಾನಾ ಎಂದರಂತೆ. ಮನೆಯಲ್ಲಿ ಹೆತ್ತವರೇ ಹಾಗೆ ಕರೆಯುವುದಿಲ್ಲ. ನನ್ನ ಮಗಳ ಹೆಸರನ್ನು ತುಂಬು ಹಕಾರದಲ್ಲಿ ಕರೆದ ಮೊದಲನೆಯವನು ಒಬ್ಬ ಗುರುತಿಲ್ಲದವನಾಗಿದ್ದ.

"ಇಸ್ಕೂಲೂ ಅವ್ರೇ ಏಳಿದ್ರು. ರೋಯಿಣಿ ನಕ್ಸತ್ರದೋರ್ಗೆ ಲೆಕ್ಕ ಚೆನ್ನಾಗ್ ಬತ್ತದೆ, ಟ್ಯೂಸನ್ಗೆ ಸೇರ್ಕೋ ಪುಟ್ಟಿ, ಅಮ್ಮಂಗೆ ಕೊಡು ಅಂದ್ರು. ನಾನು ಇಟ್ಬಿಟ್ಟೆ."

"ನಂಗ್ಯಾಕೆ ಏಳಲಿಲ್ಲ?"

"ಏನಾನ ಆದ್ರೆ ಫೋನ್ ಕಿತ್ಕೊಂತೀನಿ ಅಂದಿದ್ಯಲ್ಲ."

ರೋಹಿಣಿ ನಕ್ಷತ್ರ ಎಂಬ ಮಾತು ನನಗೆ ಆಮೇಲೆ ತಟ್ಟಿತು. ಅದನ್ನು ಮಗಳು ಯಾರಿಗೂ ಹೇಳಿರಲಿಲ್ಲ. ಹೇಳಿದವಳು ನಾನು. ನೆಂಟರ ಗುಂಪಿನಲ್ಲಿ ಒಂದು ಲಿಂಕು ಬಂದಿತ್ತು: ಮಕ್ಕಳ ವಿದ್ಯೆಗಾಗಿ ಸರಸ್ವತಿ ಪೂಜೆ, ಮನೆಯಲ್ಲೇ ಕೂತು ಉಚಿತ ಸಂಕಲ್ಪ. ಸಂಕಲ್ಪವೆಂದರೆ ದೇವರೆದುರು ನಾವು ಇಂಥವರು ಎಂದು ಹೇಳಿಕೊಳ್ಳುವುದು. ಅರೆಬರೆ ಹೇಳಿದರೆ ಫಲ ಪಕ್ಕದ ಮನೆಗೆ ಹೋಗಿಬಿಡಬಹುದು ಎಂದು ನನ್ನ ಭಯ. ಹಾಗಾಗಿ ಹೆಸರು, ನಕ್ಷತ್ರ, ರಾಶಿ, ಸ್ಕೂಲು, ಕ್ಲಾಸು, ಬೀದಿ, ಫೋನ್ ನಂಬರು ಎಲ್ಲ ತುಂಬಿ, ಎರಡು ಜಡೆ ಹಾಕಿದ ಫೋಟೋನೂ ಕಳಿಸಿದ್ದೆ. ನಮ್ಮ ಗೋತ್ರ ನಮಗೆ ಗೊತ್ತಿಲ್ಲದ್ದರಿಂದ ಎಲ್ಲರ ಹಾಗೆ ಶಿವಗೋತ್ರ ಎಂದಿದ್ದೆ. ಅಲ್ಲಿ ನಾನು ಮುಚ್ಚಿಟ್ಟದ್ದು ಏನಾದರೂ ಇದ್ದರೆ ಅದೊಂದೇ. ಮಿಸ್ಸು ಹೇಳಿದ್ದನ್ನು ಮಗಳಿಗೆ ಬಾಯಿಪಾಠ ಮಾಡಿಸಿದ ಮಾರನೆಯ ದಿನವೇ ಇದನ್ನು ಮಾಡಿದ್ದೆ.

ದೇವರ ಮುಂದೆ ಸುಳ್ಳು ಹೇಳಬಾರದು, ಆದರೆ ಸುಮ್ಮನಿರಬಹುದಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ನಿಜವಾಗಿ ಅನ್ನಿಸಿತು. ಫೋನು ಮುಟ್ಟದಿದ್ದರೆ ಮಗುವಿಗೂ ಒಳ್ಳೆಯದೇ ಎಂಬ ಸಮಾಧಾನವೂ ಕೈಗೆಟುಕುವಲ್ಲೇ ಇತ್ತು. ಆದರೆ ನನ್ನ ತಪ್ಪಿಗೆ ಮೂರು ದಿನದಿಂದ ಬಸ್ಕಿ ಹೊಡೆದ ಆ ಪುಟ್ಟ ಮಂಡಿಗಳು ಎದುರಿಗೇ ಇದ್ದವು. ಇವತ್ತು ನಾನು ಬಾಯಿ ಬಿಡದಿದ್ದರೆ ನಾಳೆ ಇದಕ್ಕಿಂತ ದೊಡ್ಡದೇನಾದರೂ ಆದಾಗ ಇವಳೂ ಬಾಯಿ ಬಿಡುವುದಿಲ್ಲ ಎನ್ನಿಸಿತು.

"ನೀನಲ್ಲ ಕಣಮ್ಮ. ನಾನು ಏಳಿದ್ದು" ಎಂದೆ. ಎಲ್ಲ ಹೇಳಿದೆ.

ಮಗಳು ಕಣ್ಣೊರೆಸಿಕೊಂಡಳು. ಬೈಯುತ್ತಾಳೇನೋ ಎಂದುಕೊಂಡೆ.

"ನಿನ್ ಫೋನ್ ಯಾರಮ್ಮ ಕಿತ್ಕೊಳ್ಳೋದು?" ಎಂದಳು.

"ಅದಿರ್ಲಿ, ಮಿಕ್ಕಿದ್ ಎಂಟು ಬಸ್ಕಿ ನೀನೊಡಿಯಮ್ಮ ಈಗ" ಎಂದರು ಅತ್ತೆ, ಅವರೆಕಾಯಿಯಿಂದ ತಲೆಯೆತ್ತದೆ.

ಕಿವಿ ಹಿಡಿದೆ. ಐದಕ್ಕೆ ಮಂಡಿ ಕಟಕ್ಕೆಂದಿತು. ಸಾಕು ಬಿಡಮ್ಮ ಎಂದು ಮಗಳೇ ಕೈಹಿಡಿದು ಎಬ್ಬಿಸಿದಳು.

ಸಂಜೆ ಕೆಲಸ ಮುಗಿಸಿ ಮಾರಿಕುಪ್ಪಂ ರೈಲಿನಿಂದ ಇಳಿದು ಬಂದ ನಮ್ಮ ಯಜಮಾನರಿಗೂ ಹೇಳಿದೆ. ಅವರು ಆ ನಂಬರನ್ನು ಬ್ಲಾಕ್ ಮಾಡಿದರು, ಫೋಟೋ ಮತ್ತು ವಿವರ ತೆಗೆದುಹಾಕಿ ಎಂದು ಪೂಜೆಯವರಿಗೆ ಬರೆದರು. ಅವರು ತೆಗೆದರೋ ಬಿಟ್ಟರೋ ನಮಗಿನ್ನೂ ತಿಳಿದಿಲ್ಲ. ಫೋನ್ ಮಾಡಿದವನು ಬರೀ ಟ್ಯೂಷನ್ ಮಾರುವವನಾಗಿದ್ದ, ಅದೊಂದು ದೇವರ ದಯೆ. ಅತ್ತೆ ಆ ಹೊತ್ತಿಗೆ ಸರಿಯಾಗಿ ಕೇಳಿದರು, ಅದಿನ್ನೊಂದು. ನನ್ನ ಹಳೆಯ ಬೆದರಿಕೆಯನ್ನು ರದ್ದು ಮಾಡಿ, ಏನೇ ಆದರೂ ಮೊದಲು ಬಂದು ಹೇಳುವುದು, ಹೇಳಿದವರಿಗೆ ಬೈಗುಳವಿಲ್ಲ, ಫೋನೂ ಕಿತ್ತುಕೊಳ್ಳುವುದಿಲ್ಲ ಎಂದು ಗಣಪನೆದುರು ಹೊಸ ಒಪ್ಪಂದವಾಯಿತು. ಮನೆಯಲ್ಲಿ ಇದರ ಅನುಕೂಲ ಹೆಚ್ಚು ಪಡೆಯುತ್ತಿರುವವಳು ನಾನೇ. ಐದನೆಯ ಹಕ್ಕಿ ಹದ್ದು. ಮೂರು ಸಲ ಅದ್ದು ಎಂದು, ನಾಲ್ಕನೆಯ ಸಲಕ್ಕೆ ಇಬ್ಬರೂ ಸೇರಿ ಉಸಿರು ಬಿಟ್ಟು ಕರೆದೆವು.

ಶುಕ್ರವಾರ ನಮ್ಮ ಬೀದಿ ಕೊನೆಯ ದೇವಸ್ಥಾನಕ್ಕೆ ಹೋಗಿದ್ದೆವು. ಅರ್ಚಕರು ನನ್ನ ಮದುವೆಯಾದಾಗಿನಿಂದ ನಮ್ಮನ್ನು ನೋಡುತ್ತಿರುವವರು, ತಟ್ಟೆ ಹಿಡಿದು ಹೆಸರು, ನಕ್ಷತ್ರ ಎಂದರು. ಮಗಳು ತುಟಿ ಬಿಗಿದುಕೊಂಡು ನನ್ನ ಮುಖ ನೋಡಿದಳು. ಪರವಾಗಿಲ್ಲ, ಹೇಳು ಎಂದು ಕಣ್ಣಲ್ಲೇ ಹೇಳಿದೆ. ಬಾಯಿಯ ಮುಂದೆ ಅಂಗೈ ಹಿಡಿದು, ಉಸಿರು ತಾಕಿಸಿ, ಹರ್ಷಿತ ಎಂದಳು. ಅರ್ಚಕರು ನಕ್ಷತ್ರಕ್ಕಾಗಿ ನನ್ನ ಕಡೆ ತಿರುಗಿದರು. ಹೇಳಲು ಬಾಯಿ ತೆರೆದವಳು, ನನಗೇ ಗೊತ್ತಿಲ್ಲದೆ ತಡೆದು ಮಗಳ ಕಡೆ ನೋಡಿದೆ. ಅವಳು ಅರ್ಚಕರನ್ನು ಜುಟ್ಟಿನಿಂದ ಪಾದದವರೆಗೆ ಒಮ್ಮೆ ಪರೀಕ್ಷಿಸಿ, ತಲೆಯಾಡಿಸಿದಳು.

"ಏಳಮ್ಮ, ಗೊತ್ತಿರೋರೇ."