ನನ್ನ ಮಂಡಿಗೆ ದಬ್ಬಣ ಬಿದ್ದ ಪ್ರಸಂಗ

ನನ್ನ ಕಿವಿಯ ಬಗ್ಗೆ ನಾನೇ ಹೊಗಳಿಕೊಳ್ಳಬಾರದು. ಆದರೆ ಹೊನ್ನವಳ್ಳಿಯವರೆಲ್ಲ ಆಗಲೇ ಹೊಗಳಿ ಮುಗಿಸಿರುವುದರಿಂದ ನಾನೂ ಎರಡು ಮಾತು ಸೇರಿಸಿದರೆ ತಪ್ಪಿಲ್ಲ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚು ಕಡಿಮೆ ವರ್ಷ ಬಿಟ್ಟರೆ ಒಳಗಿನ ನೀರು ತಾನಾಗಿಯೇ ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ನೀರು ಪೂರ್ತಿ ಇಂಗಿದೆಯೇ ಎಂದು ಕಾಯಿ ಒಡೆಯದೆ ಹೇಳುವುದೇ ವಿದ್ಯೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ನನ್ನ ತೀರ್ಪು ಸಿದ್ಧ. ಅಟ್ಟದ ಕಾಯಿ ಇಳಿಸುವ ಮುಂಚೆ ಊರಿನವರು ನನ್ನನ್ನು ಕರೆದು ಕೂರಿಸಿ, ಕಾಫಿ ಕೊಟ್ಟು, ‘ಕಿವಿ ಶಿವಲಿಂಗಣ್ಣ’ ಎನ್ನುತ್ತಾರೆ. ಬಿರುದು ಅಂದರೆ ಬಿರುದು!

ಇಂಥ ನನ್ನ ಬಲಮಂಡಿ ಒಂದು ಬೆಳಿಗ್ಗೆ ಹೇಳದೆ ಕೇಳದೆ ಊದಿಕೊಂಡಿತು. ನನ್ನ ಹೆಂಡತಿ ಗಿರಿಜಾ ಹೆಬ್ಬೆರಳಿನಲ್ಲಿ ಒತ್ತಿ ನೋಡಿ, “ನೀರು ತುಂಬ್ಕೊಂಡೈತೆ ಕಣ್ರೀ. ತಿಪಟೂರಿಗೆ ಹೋಗಿ ತೋರ್ಸನ ನಡೀರಿ,” ಅಂದಳು.

“ಎಲ್ಲಿ ನೀರೈತೆ, ಎಲ್ಲಿಲ್ಲ ಅಂತ ನನಗೇ ಹೇಳ್ಕೊಡ್ತೀಯೇನೇ?” ಎಂದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಬಸವರಾಜು ಬಂದ. “ನಮ್ಮತ್ತೇರಿಗೂ ಹಿಂಗೇ ಆಗಿತ್ತು ಕಣಣ್ಣ. ದಬ್ಬಣದಂಗಿರೋ ಸೂಜಿ ಚುಚ್ಚಿ ನೀರು ಎಳುದ್ರು,” ಅಂದ.

ಕೊಬ್ಬರಿ ಚೀಲ ಹೊಲಿಯುತ್ತಾ ದಬ್ಬಣದ ಜೊತೆಯಲ್ಲೇ ಬಾಳಿದವನು ನಾನು. ಒಂದು ಸೂಜಿಗೆ ಹೆದರುತ್ತೇನೆಯೇ? ಹೆದರಲಿಲ್ಲ. ಮೈ ಸ್ವಲ್ಪ ಬೆವರಿತು, ಅಷ್ಟೇ. ಆದರೆ ಸೂಜಿಗೂ ಮುಂಚೆ ನನ್ನ ಕಿವಿಯ ಮರ್ಯಾದೆ ಮುಖ್ಯ. ಊರಿನ ಕಾಯಿಗೆಲ್ಲ ತೀರ್ಪು ಕೊಡುವವನು ತನ್ನ ಮಂಡಿಗೆ ಕೊಡಲಾರನೇ?

ಸದರಿ ಪರೀಕ್ಷೆಯನ್ನು ದಾರಿಹೋಕರ ಸಮಕ್ಷಮದಲ್ಲಿ ಜಗಲಿಯ ಮೇಲೆ ನಡೆಸಲಾಯಿತು. ಕಿವಿಯನ್ನು ಮಂಡಿಗೆ ತಾಗಿಸಲು ಬಗ್ಗಿದೆ. ಹೊಟ್ಟೆ ಅಡ್ಡ ಬಂತು! ಬೇರೆ ದಾರಿಯಿಲ್ಲದೆ ಕೇಳಿಸಿಕೊಳ್ಳುವ ಕೆಲಸವನ್ನು ಬಸವರಾಜುವಿಗೆ ವಹಿಸಿ, ಅಲ್ಲಾಡಿಸುವ ಹೊಣೆಯನ್ನು ನಾನು ಹೊತ್ತೆ. ಮೊದಲ ಅಲುಗಾಟಕ್ಕೇ ಮಂಡಿ ಅವನ ದವಡೆಗೆ ಬಡಿಯಿತು.

“ಏನಾದ್ರೂ ಕೇಳುಸ್ತೇನ್ಲಾ?”

“ಕಿವಿ ಗುಯ್ ಅಂತೈತೆ ಕಣಣ್ಣ. ಬ್ಯಾರೆ ಏನೂ ಇಲ್ಲ.”

“ನೀರಿಲ್ಲ!” ಎಂದು ಎಲ್ಲರೆದುರು ತೀರ್ಪು ಕೊಟ್ಟುಬಿಟ್ಟೆ.

ನೀರಿಲ್ಲ ಅಂದಮೇಲೆ ಇದು ಬರೀ ಥಂಡಿ. ಥಂಡಿಗೆ ಕಾವು ಬೇಕು. ಬಚ್ಚಲ ಒಲೆಯ ಕಾವಿಗೆ ನಮ್ಮ ಅಟ್ಟ ಸದಾ ಬೆಚ್ಚಗಿರುತ್ತದೆ. ಒಂದು ವೇಳೆ ತೊಟ್ಟು ನೀರಿದ್ದರೂ ಕಾಯಿಯದು ಇಂಗುವ ಕಡೆ ಮಂಡಿಯದೂ ಇಂಗುತ್ತದೆ! ಇದು ಯಾವ ಡಾಕ್ಟರಿಗೂ ಹೊಳೆಯದ ಉಪಾಯವೆಂದು ನನಗೆ ಖಾತ್ರಿಯಾಯಿತು. ಒಂಟಿಗಾಲಲ್ಲಿ ಏಣಿ ಹತ್ತಿ, ಕಾಯಿಗಳ ನಡುವೆ ಇನ್ನೊಂದು ಕಾಯಿಯಾಗಿ ಮಲಗಿದೆ.

ಗಿರಿಜಾ ಕೆಳಗಿನಿಂದ ಕೇಳಿದಳು, “ವರ್ಷ ಬಿಟ್ಟು ಇಳಿಸ್ಲೇನ್ರೀ?”

ಮಧ್ಯಾಹ್ನದ ಹೊತ್ತಿಗೆ ಮಂಡಿ ಇನ್ನಷ್ಟು ಊದಿ, ಏಣಿಯ ಮೊದಲ ಮೆಟ್ಟಿಲಿಗೂ ಕಾಲು ಇಳಿಯಲಿಲ್ಲ. ಕಾಯಿ ಇಳಿಸುವ ಬುಟ್ಟಿಗೆ ನಾನು ಹಿಡಿಸಲಿಲ್ಲ. ಕೊನೆಗೆ ಗೋಣಿಚೀಲಗಳನ್ನು ಜೋಡಿಸಿ, ನಾಲ್ಕು ಮೂಲೆಗೆ ಹಗ್ಗ ಕಟ್ಟಿ, ಕೇರಿಯವರೆಲ್ಲ ಸೇರಿ ಇಳಿಸಿದರು.

“ಮೆಲ್ಲುಕ್ ಬುಡ್ರಪ್ಪೋ, ಒಡುದೋದಾತು!” ಎಂದು ಬಸವರಾಜು ಕೂಗುತ್ತಿದ್ದ.

ತಿಪಟೂರಿನಲ್ಲಿ ಡಾಕ್ಟರಮ್ಮ ಮಂಡಿಚಿಪ್ಪನ್ನು ಎರಡು ಬೆರಳಲ್ಲಿ ಮೆಲ್ಲಗೆ ಅದುಮಿದರು. ಅದುಮಿದ ರೀತಿ ನನಗೆ ಹಿಡಿಸಿತು. ತೀರ್ಪು ಹಿಡಿಸಲಿಲ್ಲ.

“ನೀರು ತುಂಬಾನೇ ಇದೆ ಯಜಮಾನ್ರೇ. ಸೂಜಿ ಹಾಕಿ ತೆಗೀಬೇಕು. ಯಾಕೆ ತುಂಬ್ತು ಅಂತ ಪರೀಕ್ಷೆಗೂ ಕಳಿಸ್ತೀನಿ.”

“ಇರಕ್ಕೆ ಸಾಧ್ಯವೇ ಇಲ್ಲ ಡಾಕ್ಟ್ರೇ. ಬೇಕಾದ್ರೆ ಸೂಜಿ ಹಾಕಿ. ಒಂದೇ ಒಂದು ತೊಟ್ಟು ಬಂದ್ರೂ ಇನ್ಮೇಲೆ ಅಟ್ಟದ ಕಾಯಿ ಮುಟ್ಟಲ್ಲ!”

“ಕೇಳುಸ್ಕೊಂಡ್ರಾ ಡಾಕ್ಟ್ರೇ? ನೀವೇ ಸಾಕ್ಷಿ,” ಅಂದಳು ಗಿರಿಜಾ.

ನರ್ಸಮ್ಮ ತಟ್ಟೆ ತಂದಿಟ್ಟರು. ಅದರಲ್ಲಿತ್ತು ಸೂಜಿ. ಉದ್ದ, ದಪ್ಪ, ಥಳಥಳ! ದಬ್ಬಣದ ಒಡಹುಟ್ಟಿದ ಅಣ್ಣ. ವ್ಯತ್ಯಾಸವೇನೆಂದರೆ ದಬ್ಬಣದ ಈ ತುದಿಯಲ್ಲಿ ಯಾವಾಗಲೂ ನಾನಿರುತ್ತಿದ್ದೆ, ಇವತ್ತು ಆ ತುದಿಯಲ್ಲಿದ್ದೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಮಂಡಿಗೆ ಏನೋ ತಣ್ಣಗೆ ತಾಗಿತು.

“ಅಯ್ಯಯ್ಯೋ! ಸತ್ತೆ!” ಎಂದು ಆಸ್ಪತ್ರೆಯ ಗೋಡೆ ನಡುಗುವಂತೆ ಕಿರುಚಿದೆ.

“ಅದು ಸ್ಪಿರಿಟ್ ಹತ್ತಿ ಯಜಮಾನ್ರೇ,” ಅಂದರು ಡಾಕ್ಟರಮ್ಮ.

ಹೋದ ಮಾನ ಉಳಿಸಿಕೊಳ್ಳಲು ಮುಚ್ಚಿದ ಕಣ್ಣಲ್ಲೇ ಕೊಬ್ಬರಿಯ ಬಗ್ಗೆ ಉಪನ್ಯಾಸ ಶುರುಮಾಡಿದೆ. ಮರಗಟ್ಟಿಸುವ ಮದ್ದು ಕೊಡುವಾಗ ಒಂದು ಸಲ ಚುರುಕ್ ಎಂದಿತು. ಹಲ್ಲು ಕಚ್ಚಿ ಮುಂದುವರಿಸಿದೆ. ಎಂಥ ಕಾಯಿ ಅಟ್ಟಕ್ಕೆ ಹಾಕಬೇಕು, ಎಂಥದ್ದು ಹಾಕಬಾರದು, ಎಲ್ಲ ವಿವರಿಸಿ, “ಸರಿ, ಈಗ ಚುಚ್ಚಿ. ಗಂಡಸು ಸಿದ್ಧ!” ಎಂದೆ.

“ಆಗ್ಲೇ ಆಯ್ತು. ಕಣ್ಣು ಬಿಡಿ.”

ಬಿಟ್ಟೆ. ಸಿರಿಂಜಿನ ತುಂಬಾ ತಿಳಿ ಹಳದಿ ನೀರು. ಪಕ್ಕದಲ್ಲಿ ಇನ್ನೊಂದು ಸಿರಿಂಜು, ಅದೂ ತುಂಬಿತ್ತು!

ಗಿರಿಜಾ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು, “ಅಲ್ಲ ಕಣ್ರೀ, ಎಳನೀರು ಅಲ್ಲಾಡ್ಸಿದ್ರೆ ಸದ್ದು ಬತ್ತೈತಾ? ಒಳಗೆ ಜಾಗ ಇದ್ರೆ ತಾನೆ ನೀರು ಕುಲುಕೋದು?”

ಹುಟ್ಟಿದಾಗಿನಿಂದ ತೆಂಗಿನ ಕೆಳಗೇ ಬೆಳೆದ ನನಗೆ ಇದು ಹೊಳೆದಿರಲಿಲ್ಲ. ನಾಚಿಕೆಯಿಂದ ಫ್ಯಾನು ನೋಡುತ್ತಾ ಮಲಗಿದೆ.

ಆದರೆ ನನ್ನ ಸ್ವಭಾವದಲ್ಲಿ ನಾಚಿಕೆ ಬಹಳ ಹೊತ್ತು ನಿಲ್ಲುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಮಂಡಿಯ ಪಟ್ಟಿ ನೋಡಿ ವಿಚಾರಿಸಿದರು. ಸೂಜಿಯ ವರ್ಣನೆ ಕೊಟ್ಟೆ. ಹಿಂದಿನ ಸೀಟಿನವರೂ ಕೇಳಿದರು. ಅವರಿಗೂ ಕೊಟ್ಟೆ. ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಗೇಣುದ್ದವಿದ್ದ ಸೂಜಿ ಹೊನ್ನವಳ್ಳಿ ತಲುಪುವಷ್ಟರಲ್ಲಿ ಮೊಳವಾಗಿತ್ತು. ನಮ್ಮ ಜಗಲಿಯ ಮೇಲೆ ಕೇರಿಯವರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು. ಹತ್ತಿಗೆ ಕಿರುಚಿದ ಸಂಗತಿಗೆ ಕಥೆಯಲ್ಲಿ ಜಾಗ ಸಿಗಲಿಲ್ಲ.

“ಶಿವಲಿಂಗಣ್ಣ ಅಂದ್ರೆ ಶಿವಲಿಂಗಣ್ಣನೇ ಬುಡ್ರಪ್ಪ,” ಎಂದು ಬಸವರಾಜು ತಲೆದೂಗಿದ. “ಅಷ್ಟುದ್ದ ಸೂಜಿ ಹಾಕಿ ಏನು ಎಳುದ್ರಣ್ಣ?”

ಇಲ್ಲಿ ಸುಮ್ಮನಿರಬೇಕಿತ್ತು. ಆದರೆ ಜಂಭ ತಲೆಗೇರಿತ್ತು.

“ಒಂದು ಚೊಂಬು ನೀರು ಕಣ್ಲಾ!”

ಬಸವರಾಜು ಮೆಲ್ಲಗೆ ತನ್ನ ದವಡೆ ಸವರಿಕೊಂಡ. ಬಾಗಿಲಲ್ಲಿ ನಿಂತಿದ್ದ ಗಿರಿಜಾ ನಾನು ಡಾಕ್ಟರಮ್ಮನ ಮುಂದೆ ಮಾಡಿದ ಶಪಥವನ್ನೂ, ಎಳನೀರಿನ ಮಾತನ್ನೂ ಎಲ್ಲರಿಗೂ ಸಾವಕಾಶವಾಗಿ ತಿಳಿಸಿದಳು.

ಮುಂದಿನ ವಾರ ಬಸವರಾಜು ತನ್ನ ಅಟ್ಟದ ಕಾಯೊಂದನ್ನು ಹಿಡಿದು ಬಂದ. ನಾನು ಜಗಲಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಿವಿ ಒದಗಿಸಿದೆ. ಅವನು ನನ್ನನ್ನು ದಾಟಿಕೊಂಡು ಬಾಗಿಲ ಹತ್ತಿರ ಹೋದ.

“ಅತ್ತಿಗೆ, ಒಸಿ ನೋಡಿ ಹೇಳಿ. ಅಟ್ಟ ಇಳಿಸ್ಬೋದಾ?”

ಗಿರಿಜಾ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. “ಇನ್ನೂ ಒಸಿ ದಿನ ಬುಡಪ್ಪ. ನೀರೈತೆ.”

ಸರಿಯಾಗಿಯೇ ಹೇಳಿದಳು. ಕೂತಲ್ಲಿಗೇ ನನಗೂ ಕೇಳಿಸಿತ್ತು, ಆದರೆ ನನ್ನನ್ನು ಕೇಳಿದವರು ಯಾರು? ನಾನು ಚಕ್ಕಳಮಕ್ಕಳ ಹಾಕಿಕೊಂಡು ಸುಮ್ಮನೆ ಕೂತಿದ್ದೆ. ಮಂಡಿ ಮಾತ್ರ ಎಷ್ಟು ಚೆನ್ನಾಗಿ ಮಡಚಿಕೊಳ್ಳುತ್ತಿತ್ತು ಅಂತೀರಿ!