ಚನ್ನಮಲ್ಲಪ್ಪನ ಚಾಕು ದಿಗ್ವಿಜಯ

ಇಂದು ಕೊಂಡದ್ದು ನಾಳೆ ಮುರಿಯುವ, ಮುರಿದದ್ದನ್ನು ರಿಪೇರಿಗೆ ಒಯ್ದರೆ ಅಂಗಡಿಯವನು ನಕ್ಕು ಹೊಸದನ್ನೇ ತೋರಿಸುವ ಈ ಕ್ಷಣಭಂಗುರ ಪ್ಲಾಸ್ಟಿಕ್ ಯುಗದಲ್ಲಿ, ಗದಗ ಪಟ್ಟಣದ ಒಂದು ಓಣಿಯಲ್ಲಿ, ದೂರವಾಣಿಸ್ತಂಭಾರೋಹಣಧುರಂಧರನೂ ನಿವೃತ್ತಿವೇತನವಿರಾಜಮಾನನೂ ಆದ ಚನ್ನಮಲ್ಲಪ್ಪನೆಂಬ ವೀರನಿದ್ದನು. ವಾಗ್ದೇವಿ, ಅವನ ಕಥೆ ಹೇಳುವಷ್ಟು ಉಸಿರು ಕೊಡು ತಾಯಿ. ನಗದೆ ಹೇಳುವಷ್ಟು ಸಂಯಮವನ್ನೂ ಕೊಟ್ಟರೆ ಒಳ್ಳೆಯದು.

ಆ ವೀರನ ಒಳಜೇಬೆಂಬ ಬತ್ತಳಿಕೆಯಲ್ಲಿ ಕೆಂಪು ಹಿಡಿಯ ಮಡಚುವ ಚಾಕುವೊಂದಿತ್ತು. ಬರೀ ಚಾಕು ಎಂದರೆ ಅವನು ಊಟ ಬಿಡುತ್ತಿದ್ದ. ಅಲಗು, ಕತ್ತರಿ, ಗರಗಸ, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂಡ್ರೈವರು, ಏತಕ್ಕೆಂದು ಆ ಓಣಿಯಲ್ಲಿ ಯಾರಿಗೂ ತಿಳಿಯದ ಒಂದು ಸುರುಳಿ ಕಡ್ಡಿ, ಎಲ್ಲವೂ ಒಂದೇ ಗೂಡಿನಲ್ಲಿ ಬಾಳುತ್ತಿದ್ದವು. ಕಂಬದ ತುದಿಯಿಂದ ಬಿದ್ದು, ಬಾವಿಯಲ್ಲಿ ಮುಳುಗಿ ಎದ್ದು ಬಂದರೂ ಅದಕ್ಕೆ ತುಕ್ಕು ಹಿಡಿದಿರಲಿಲ್ಲ. ಕೆಲಸಕ್ಕೆ ಸೇರಿದ ವರ್ಷ ಕೊಂಡದ್ದು ಅದು.

ಅಂದು ಹಳೇ ಸಾಮಾನು ತೆಗೆದುಕೊಂಡು ಹೊಸ ಪಾತ್ರೆ ಕೊಡುವ ದುರ್ಗವ್ವ ಬುಟ್ಟಿ ಇಳಿಸಿ ಕಟ್ಟೆಯ ಮೇಲೆ ಕುಳಿತಿದ್ದಳು. ಚನ್ನಮಲ್ಲಪ್ಪನ ಧರ್ಮಪತ್ನಿ, ಪಾಕಶಾಲಾಸಾರ್ವಭೌಮೆ ನೀಲವ್ವ, ತೂತುಬಿದ್ದ ತಂಬಿಗೆಯನ್ನು ಅವಳ ಮುಂದಿಟ್ಟು ಗಂಡನತ್ತ ತಿರುಗಿದಳು.

“ನಿಮ್ಮ ಹಳೇ ಚಾಕೂನೂ ಹಾಕ್ರಿ. ಇನ್ನೊಂದ್ ಡಬ್ಬಿ ಬರ್ತೈತಿ.”

ವೀರನ ಕೈ ಒಳಜೇಬಿಗೆ ಹೋಯಿತು. ಕಂಬ ಹತ್ತಿದ ಗೆಳೆಯರೆಲ್ಲ ಊರೂರಿಗೆ ಚದುರಿಹೋಗಿದ್ದರು. ಕಂಬಗಳನ್ನೂ ಕಿತ್ತಿದ್ದರು. ಇದೂ ಹೋದರೆ ತಾನು ಬರೀ ಒಬ್ಬ ಮುದುಕನಾಗುತ್ತೇನೆಂದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಆದರೆ ವೀರರು ಹೆದರಿಕೆಯನ್ನು ಬಾಯಿಬಿಟ್ಟು ಹೇಳುವುದುಂಟೇ? ಹಿಂದೊಮ್ಮೆ ಬಯಲಾಟದಲ್ಲಿ ರಾಜನ ಪಾತ್ರ ಮಾಡಿದ್ದ ಅವನು ಅದೇ ಠೀವಿಯಲ್ಲಿ ಎದ್ದು ನಿಂತನು.

“ಕೇಳುವಂಥವಳಾಗು ನೀಲವ್ವ. ಬಿರುಗಾಳಿ ತಂತಿ ಹರಿದಾಗ ಇಡೀ ತಾಲೂಕಿಗೆ ಮಾತು ಮರಳಿಸಿದ ಮಹಾಯುಧವಿದು. ಇದರಿಂದಾಗದ ಕಾರ್ಯ ಮೂರು ಲೋಕದಲ್ಲಿಲ್ಲ.”

“ಹಂಗಿದ್ರ ಕುಕ್ಕರಿನ ಹಿಡಿಕಿ ಕೂಡ್ಸ್ರಿ,” ಎಂದಳು ನೀಲವ್ವ. “ಮುಂಜಾನಿಂದ ಕಳಚಿ ಬಿದ್ದೈತಿ, ಬ್ಯಾಳಿ ನೆನೆದು ಕುಂತೈತಿ. ಕೂಡಿಸಿದ್ರ ಚಾಕು ಇರ್ಲಿ, ಇಲ್ಲಂದ್ರ ಬುಟ್ಟಿಗೆ.”

ಕುಕ್ಕರು ರಣಾಂಗಣಕ್ಕೆ ಬಂತು. ಚನ್ನಮಲ್ಲಪ್ಪ ಸ್ಕ್ರೂಡ್ರೈವರನ್ನು ಎಳೆದರೆ ಸುರುಳಿ ಕಡ್ಡಿ ಎದ್ದಿತು. ಅದನ್ನು ಮಡಚಿ ಮತ್ತೆ ಎಳೆದರೆ ಹೆಬ್ಬೆರಳ ಉಗುರೇ ಮುರಿಯಿತು. ಬಿಟ್ಟಾನೆಯೇ? ಹಲ್ಲು ಕಚ್ಚಿ ಆಯುಧ ಬಿಡಿಸಿ, ಕುಕ್ಕರನ್ನು ಮೊಣಕಾಲ ನಡುವೆ ಒತ್ತಿಹಿಡಿದು, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುವವರೆಗೆ ಸ್ಕ್ರೂ ತಿರುವಿದನು. ಹಿಡಿಕೆ ಕಲ್ಲಿನಂತೆ ಗಟ್ಟಿಯಾಗಿ ಕೂತಿತು.

“ನೋಡಿಲ್ಲೆ,” ಎಂದು ಅವನು ಕುಕ್ಕರನ್ನು ಎತ್ತಿ ಹಿಡಿದನು.

ನೀಲವ್ವ ನೋಡಿದಳು. ಮುಚ್ಚಳ ಹಾಕಿದಳು. ಮುಚ್ಚಳ ಕೂಡಲೊಲ್ಲದು.

“ಹಿಡಿಕಿ ತೆಳಗ ಮ್ಯಾಲ ಮಾಡೀರಿ. ತರ್ರಿ ಇಲ್ಲೆ.”

ಸೋತ ವೀರ ಚಾಕುವನ್ನು ಕೈಯಲ್ಲೇ ಚಾಚಿದನು. ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳ ಬರುತ್ತದಂತೆ. ನೆಲಕ್ಕಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ದುರ್ಗವ್ವನಿಗೆ ಗಾಬರಿಯಾಯಿತು.

“ಯವ್ವಾ, ಕೈಯಾಗ ಇಸ್ಕೋಬ್ಯಾಡ, ಜಗಳ ಹತ್ತತೈತಿ.”

“ಮದುವಿ ಆದಾಗಿಂದ ನೆಲಕ್ಕಿಟ್ಟ ಕೊಟ್ಟಾರವ್ವ,” ಎಂದು ನೀಲವ್ವ ಚಾಕು ಇಸಿದುಕೊಂಡಳು. “ಜಗಳ ಯಾವ ದಿನ ತಪ್ಪೈತಿ?”

ಚನ್ನಮಲ್ಲಪ್ಪನಿಗೂ ನಗು ತಡೆಯಲಾಗಲಿಲ್ಲ. ಅವನು ನಗುತ್ತಿದ್ದಂತೆಯೇ ಅವಳು ಸ್ಕ್ರೂ ಬಿಚ್ಚಿ, ಹಿಡಿಕೆ ತಿರುಗಿಸಿ, ಬಿಗಿದು ಮುಗಿಸಿದಳು. ಆಮೇಲೆ ಕತ್ತರಿ ಬಿಡಿಸಿ ಸೀರೆ ಸೆರಗಿನ ಎಳೆಯೊಂದನ್ನು ಕತ್ತರಿಸಿ ನೋಡಿದಳು.

“ಇಷ್ಟ್ ವರ್ಷ ಆದ್ರೂ ಎಷ್ಟ್ ಹರಿತ ಐತ್ರೀ ಇದು.”

“ನಾ ಏನ್ ಹೇಳಿದ್ದೆ?” ವೀರನ ಎದೆ ಉಬ್ಬಿತು.

“ದುರ್ಗವ್ವ, ಇದನ್ನ ಕೊಡಂಗಿಲ್ಲ,” ಎಂದು ನೀಲವ್ವ ಚಾಕುವಿನ ಸಮೇತ ಒಳಗೆ ಹೋದಳು. ಚಾಕು ಮರಳಿ ಪಡೆಯಲು ಚನ್ನಮಲ್ಲಪ್ಪ ಚಾಚಿದ ಕೈ ಚಾಚಿದಂತೆಯೇ ಉಳಿಯಿತು.

ಕಂಬದಿಂದ ಬಿದ್ದು ಬಾವಿಯಿಂದ ಎದ್ದುಬಂದ ಆ ಮಹಾಯುಧ ಈಗ ಒಲೆಯ ಪಕ್ಕದ ಮೊಳೆಗೆ ದಾರ ಕಟ್ಟಿಸಿಕೊಂಡು ತೂಗುತ್ತಿದೆ. ದಿನಾ ಮುಂಜಾನೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತದೆ. ಉಗುರು ತೆಗೆಯಬೇಕೆನಿಸಿದಾಗ ಸ್ತಂಭಾರೋಹಣಧುರಂಧರನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಾನೆ. ತೊಳೆದು ತಂದಿಡುತ್ತೇನೆಂದು ಒಪ್ಪಿಕೊಂಡರೆ ಸಿಗುತ್ತದೆ.